ಮಧ್ಯಾಹ್ನ ಎರಡಕ್ಕೆ ಹೆಣ್ಣುಮಕ್ಕಳು ಬರುವುದಿಲ್ಲ, ಮಾಸ್ತರರೇ

ಓದುಗರ ಪತ್ರ: ನಮ್ಮ ಬಡಾವಣೆಯ ಸಮುದಾಯ ಕೇಂದ್ರದಲ್ಲಿ 25 ಮೀಟರ್ ಈಜುಕೊಳ, ಪಕ್ಕಕ್ಕೆ ವ್ಯಾಯಾಮದ ಹಾಲ್ ತಯಾರಾಗಿವೆ. ಬೆಳಿಗ್ಗೆ ಸದಸ್ಯರಿಗೆ, ಸಂಜೆ ಸ್ಪರ್ಧೆಗೆ ಹೋಗುವ ಹುಡುಗರಿಗೆ, ಮಧ್ಯಾಹ್ನ 2ಕ್ಕೆ ಮಹಿಳೆಯರಿಗೆ ಎಂದು ವೇಳಾಪಟ್ಟಿ ಹಾಕಿದ್ದೇವೆ. ಮತ್ತೇನು ಸೇರಿಸಬೇಕು?
– ನಿವೃತ್ತ ಶಿಕ್ಷಕರು, ಹುಬ್ಬಳ್ಳಿ

ಸಂಪಾದಕರ ಉತ್ತರ:

ಮಾಸ್ತರರೇ, ನಮಸ್ಕಾರ. ಸೇರಿಸುವ ಮಾತು ಆಮೇಲೆ. ಮೊದಲು ಆ ಎರಡು ಗಂಟೆಯ ಬ್ಯಾಚ್ ಬದಲಿಸಿ. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಮಧ್ಯಾಹ್ನದ ಬಿಸಿಲು ನಿಮಗೆ ಗೊತ್ತೇ ಇದೆ. ಊಟವಾಗಿ ಅರ್ಧ ತಾಸೂ ಆಗಿರುವುದಿಲ್ಲ. ಕೆಲಸಕ್ಕೆ ಹೋಗುವವರು ಆಫೀಸಿನಲ್ಲಿರುತ್ತಾರೆ. ಎರಡು ತಿಂಗಳು ನೋಡಿ, ‘ಹೆಣ್ಣುಮಕ್ಕಳಿಗೆ ಆಸಕ್ತಿ ಇಲ್ಲ’ ಎಂದು ಕಮಿಟಿಯವರು ಬರೆದುಬಿಡುತ್ತಾರೆ. ಎಲ್ಲರಿಗೂ ಹಂಚಿ ಉಳಿದ ವೇಳೆ ಅವರಿಗೆ ಬೇಡ. ಬೆಳಿಗ್ಗೆ ಹನ್ನೊಂದರ ಒಳಗೆ ಒಂದು ತಾಸು, ಸಂಜೆ ಆರಕ್ಕೆ ಒಂದು ತಾಸು ಅವರಿಗೇ ಮೀಸಲಿಡಿ. ಕಲಿಸುವವರೂ ಕಾವಲು ನಿಲ್ಲುವವರೂ ಹೆಂಗಸರೇ ಇರಲಿ. ಮೈತುಂಬ ಮುಚ್ಚುವ ನೈಲಾನ್ ಈಜುಡುಗೆ ನಡೆಯುತ್ತದೆ ಎಂದು ಬೋರ್ಡಿನಲ್ಲೇ ಬರೆಸಿ. ಉಡುಪಿನ ಅಂಜಿಕೆಗೇ ಎಷ್ಟೋ ಜನ ಗೇಟು ದಾಟುವುದಿಲ್ಲ.

ಇನ್ನು ಮಕ್ಕಳು. ಸ್ಪರ್ಧೆಯ ಹುಡುಗರು ಬೇಕು, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಭಾಗದಲ್ಲಿ ಈಜು ಮೊದಲು ಜೀವ ಉಳಿಸುವ ವಿದ್ಯೆ. ನವಲಗುಂದ, ನರಗುಂದದ ಕಡೆ ಮಲಪ್ರಭಾ ಕಾಲುವೆ ಇದೆ, ಹೊಲಗಳಲ್ಲಿ ಕೃಷಿ ಹೊಂಡಗಳಿವೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ಇಳಿಜಾರಿನಲ್ಲಿ ಪಾಚಿ ಕಟ್ಟಿದರೆ ಕಾಲು ಊರುವುದಿಲ್ಲ, ಕೈಗೆ ಹಿಡಿತ ಸಿಗುವುದಿಲ್ಲ. ಈಜು ಬಲ್ಲವನೂ ದಂಡೆ ಮುಟ್ಟಿ ಮತ್ತೆ ಜಾರುತ್ತಾನೆ. ರಜೆಗೆ ಅಜ್ಜನ ಊರಿಗೆ ಹೋಗುವ ನಿಮ್ಮ ಬಡಾವಣೆಯ ಮಕ್ಕಳು ಇಳಿಯುವುದು ಇಂಥ ನೀರಿಗೇ.

ಅದಕ್ಕೆ ಆರು ವರ್ಷ ದಾಟಿದ ಮಕ್ಕಳಿಗೆ ಮೊದಲ ವಾರ ಕೈಬೀಸು ಕಲಿಸಬೇಡಿ. ಕಂಬಿ ಹಿಡಿದು ಮುಖ ಮುಳುಗಿಸಿ ಬುಡುಬುಡು ಉಸಿರು ಬಿಡಲಿ. ಅಂಗಾತ ತೇಲಲಿ. ಬಿದ್ದ ಜಾಗದಿಂದ ಹೊರಳಿ ದಂಡೆಗೆ ಬರಲಿ. ಕೊನೆಯ ದಿನ ಒಗೆದ ಅಂಗಿ ಚಡ್ಡಿಯಲ್ಲೇ ಒಮ್ಮೆ ಇಳಿಸಿ, ಬಟ್ಟೆ ನೆನೆದರೆ ಮೈ ಹೇಗೆ ಭಾರವಾಗುತ್ತದೆ ಅನ್ನುವುದು ಗೊತ್ತಾಗಲಿ. ಗೆಳೆಯ ಮುಳುಗುತ್ತಿದ್ದರೆ ಹಾರಬಾರದು, ಕೂಗಬೇಕು, ಹಗ್ಗ ಇಲ್ಲವೇ ಖಾಲಿ ಕೊಡ ಎಸೆಯಬೇಕು. ಇದನ್ನು ಮತ್ತೆ ಮತ್ತೆ ಮಾಡಿಸಿ. ಬೇಸಿಗೆ ಶಿಬಿರ ಮುಗಿದ ಮೇಲೆ ದಸರಾ ರಜೆಯಲ್ಲಿ ಇನ್ನೊಂದು ಬ್ಯಾಚ್ ಇಟ್ಟರೆ ಕಲಿತದ್ದು ಉಳಿಯುತ್ತದೆ.

ಮೊಣಕಾಲು ನೋವಿನ ಹಿರಿಯರಿಗೆ ಈಜು ಬರಬೇಕಿಲ್ಲ. ಎದೆಮಟ್ಟದ ನೀರಿನಲ್ಲಿ ನಿಂತರೆ ಮೈಭಾರದ ಸುಮಾರು ಮೂರನೇ ಒಂದು ಪಾಲಷ್ಟೇ ಕಾಲಿನ ಮೇಲೆ ಬೀಳುತ್ತದೆ. ನಡೆದಾಡಿದರೂ ಒಳ್ಳೆ ವ್ಯಾಯಾಮ.

ಹಾಲ್‌ಗೆ ನಾಲ್ಕು ಟ್ರೆಡ್‌ಮಿಲ್ ತರುವ ವಿಚಾರ ಇದ್ದರೆ ಬಿಡಿ. ನಡೆಯಲು ಉಣಕಲ್ ಕೆರೆಯ ದಂಡೆ ಇದೆ, ಅಲ್ವಾ? ಆ ದುಡ್ಡಿನಲ್ಲಿ ಚಾಪೆ ತನ್ನಿ, ಒಳ್ಳೆಯ ತರಬೇತುದಾರರನ್ನು ಇಡಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ದೈಹಿಕ ಚಟುವಟಿಕೆ, ಜೊತೆಗೆ 2 ದಿನ ಸ್ನಾಯು ಗಟ್ಟಿ ಮಾಡುವ ಕಸರತ್ತು. ಗರಡಿಮನೆಯ ದಂಡ, ಬೈಠಕ್ ಇದಕ್ಕೆ ಸಾಕು. ಜಿಟಿಜಿಟಿ ಮಳೆಗಾಲದಲ್ಲಿ ಕೊಳಕ್ಕೆ ಜನ ಕಡಿಮೆ, ಆಗ ಹಾಲ್‌ನ ಬ್ಯಾಚ್ ಜಾಸ್ತಿ ಮಾಡಿ.

ನೀರಿನ ಬಗ್ಗೆ ಒಂದೇ ಮಾತು. ಕ್ಲೋರಿನ್ 1ರಿಂದ 3 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ 1ರಿಂದ 3 ಪಾಲು), ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7.2ರಿಂದ 7.8 ಇರಲಿ. ದಿನಕ್ಕೆ ಮೂರು ಸಲ ಪರೀಕ್ಷಿಸಿ, ಗೇಟಿನ ಫಲಕದಲ್ಲಿ ಬರೆಯಿರಿ. ಮೂಗಿಗೆ ಹೊಡೆಯುವ ವಾಸನೆ ಸ್ವಚ್ಛತೆಯ ಗುರುತಲ್ಲ. ಬೆವರು, ಮೂತ್ರ ಕ್ಲೋರಿನ್ ಜೊತೆ ಸೇರಿದಾಗಲೇ ಅದು ಬರುವುದು. ಸೋಪು ಹಚ್ಚಿ ಸ್ನಾನ ಮಾಡದವರನ್ನು, ತಲೆಗೆ ಕೊಬ್ಬರಿ ಎಣ್ಣೆ ಮೆತ್ತಿಕೊಂಡು ಬಂದವರನ್ನು ನೀರಿಗೆ ಬಿಡಬೇಡಿ.

ಕಲಿಸುವವರೇ ಕಾವಲೂ ನೋಡಿಕೊಳ್ಳುತ್ತಾರೆ ಎಂದು ಯಾರಾದರೂ ಉಳಿತಾಯದ ಲೆಕ್ಕ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಒಂದು ಮಗುವಿನ ಕೈ ತಿದ್ದುವಾಗ ಬೆನ್ನ ಹಿಂದಿನ ಮಗು ಕಾಣುವುದಿಲ್ಲ. ಕಾವಲಿನವರು ಬೇರೆ ಇರಲೇಬೇಕು. ಅವರು ಬರದ ದಿನ ಕೊಳಕ್ಕೆ ಬೀಗ ಹಾಕಿ, ಯಾರು ಎಷ್ಟೇ ಜಗಳ ತೆಗೆದರೂ.