ಪ್ರೊಫಾರ್ಮಾ ಬಿಲ್ ಅಲ್ಲ, ಹಾಗಂತ ಎಸೆಯಬೇಡಿ

ಜೇನು ತೆಗೆಯುವ ಯಂತ್ರಕ್ಕೆ ವಿದೇಶದ ಮಾರಾಟಗಾರರು ಪ್ರೊಫಾರ್ಮಾ ಇನ್‌ವಾಯ್ಸ್ ಕಳಿಸಿದ್ದಾರೆ, ಸಾಲಕ್ಕೆ ಬ್ಯಾಂಕಿನವರು ಪ್ರೊಫಾರ್ಮಾ ಲೆಕ್ಕ ಕೇಳಿದ್ದಾರೆ, ಎರಡೂ ಒಂದೇನಾ ಅಂತ ಕೇಳಿದ್ದೀರಿ. ಅಲ್ಲ. ಹೆಸರು ಒಂದೇ, ಕೆಲಸ ಬೇರೆ. (ಕಚೇರಿಗಳಲ್ಲಿ 'ಈ ಪ್ರೊಫಾರ್ಮಾ ತುಂಬಿ ಕೊಡಿ' ಅಂತಾರಲ್ಲ, ಅದು ಬರೀ ಖಾಲಿ ನಮೂನೆ. ಅದನ್ನು ಬಿಡಿ.)

ಮೂಲದಲ್ಲಿ ಇದು ಲ್ಯಾಟಿನ್ ಮಾತು. ನಮ್ಮಲ್ಲಿ 'ಶಾಸ್ತ್ರಕ್ಕೆ' ಅಂತೀವಲ್ಲ, ಹೆಚ್ಚುಕಡಿಮೆ ಹಾಗೆ.

ಮೊದಲು ಇನ್‌ವಾಯ್ಸ್. 'ಮಾಲು ಕಳಿಸಿದರೆ ಬಿಲ್ ಹೀಗಿರುತ್ತದೆ' ಎಂದು ಮುಂಚೆಯೇ ತೋರಿಸುವ ಕಾಗದ ಅದು. ಮಾರುವವರು ಇದನ್ನು ಬರಬೇಕಾದ ಬಾಕಿ ಅಂತ ಪುಸ್ತಕದಲ್ಲಿ ಬರೆಯುವುದಿಲ್ಲ. ನೀವೂ ಖರ್ಚು ಅಂತ ಬರೆಯಬೇಡಿ. ಅದಕ್ಕೆ ಆಮೇಲೆ ಬರುವ ನಿಜವಾದ ಬಿಲ್ಲೇ ಬೇಕು. ಆದರೆ ಸಾಲ ಕೇಳಲು, ಬ್ಯಾಂಕಿನಲ್ಲಿ ಎಲ್‌ಸಿ (ಮಾಲು ಕಳಿಸಿದ ದಾಖಲೆ ಕೊಟ್ಟರೆ ಮಾರುವವರಿಗೆ ಹಣ ಕೊಡುತ್ತೇವೆ ಅನ್ನುವ ಬ್ಯಾಂಕಿನ ಭರವಸೆ ಪತ್ರ) ತೆರೆಯಲು, ಮುಂಗಡ ಕಟ್ಟಲು ಇದೇ ಆಧಾರ.

ಹಾಗಾಗಿ ಸುಮ್ನೆ ಒಟ್ಟು ಮೊತ್ತ ನೋಡಿ ದುಡ್ಡು ಕಳಿಸಬೇಡಿ. ನಾನು ಹಾಗೆ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಕಾಗದದ ಮೂಲೆಯಲ್ಲಿ 'ಇಎಕ್ಸ್‌ಡಬ್ಲ್ಯೂ' ಅಂತ ಮೂರಕ್ಷರ ಇತ್ತು, ಗಮನಿಸಲಿಲ್ಲ. ಅಂದರೆ ಅವರ ಕಾರ್ಖಾನೆ ಬಾಗಿಲಿನಿಂದಾಚೆಗೆ ಸಾಗಣೆ, ವಿಮೆ, ಸುಂಕ ಎಲ್ಲಾ ನನ್ನ ತಲೆ ಮೇಲೆ! 'ಸಿಐಎಫ್' ಅಂತಿದ್ದರೆ ತಲುಪುವ ಬಂದರಿನ ತನಕದ ಹಡಗು ಬಾಡಿಗೆ, ವಿಮೆ ಆ ಬೆಲೆಯಲ್ಲೇ ಸೇರಿರುತ್ತದೆ. ಈ ದರ ಯಾವ ತಾರೀಖಿನ ತನಕ ಅನ್ನುವುದನ್ನೂ ನೋಡಿ. ಖಾತೆ ಸಂಖ್ಯೆ ಬದಲಾಗಿದೆ ಅಂತ ಆಮೇಲೆ ಇಮೇಲ್ ಬಂದರೆ, ನಿಮ್ಮ ಹತ್ತಿರ ಮೊದಲೇ ಇದ್ದ ನಂಬರಿಗೆ ಫೋನ್ ಮಾಡಿ ಕೇಳದೆ ಒಂದು ಪೈಸೆಯನ್ನೂ ಹಾಕಬೇಡಿ.

ಇನ್ನು ಬ್ಯಾಂಕಿನದು. 'ಸಾಲ ಸಿಕ್ಕಿ ಯಂತ್ರ ಬಂತು ಅಂದುಕೊಂಡರೆ' ಆದಾಯ, ಖರ್ಚು, ಕೈಗೆ ಬರುವ ಹಣ ಹೇಗಿರುತ್ತದೆ ಎಂಬ ಲೆಕ್ಕ ಅದು. ಎರಡು ಕಂಪನಿ ಒಂದಾಗುವಾಗ, ಮೊದಲಿಂದ ಒಟ್ಟಿಗೇ ಇದ್ದಿದ್ದರೆ ಲಾಭ ಎಷ್ಟಿರುತ್ತಿತ್ತು ಅಂತ ತೋರಿಸುವುದೂ ಇದೇ ಬಗೆಯದು. ಇಲ್ಲಿ ಕೈಚಳಕಕ್ಕೆ ಜಾಗ ಜಾಸ್ತಿ. ತೋರಿಸಲು ಇಷ್ಟವಿಲ್ಲದ ಖರ್ಚನ್ನೆಲ್ಲ ಬಿಟ್ಟು 'ಪ್ರೊಫಾರ್ಮಾ ಲಾಭ' ಅಂತ ತೋರಿಸುವ ಚಾಳಿ ಎಷ್ಟು ಬೆಳೆದಿತ್ತೆಂದರೆ, ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ 2001ರ ಡಿಸೆಂಬರ್‌ನಲ್ಲಿ ಹೂಡಿಕೆದಾರರನ್ನು ಎಚ್ಚರಿಸಬೇಕಾಯಿತು.

ನೀವು ಬಡ್ಡಿ, ಕಂತು, ಯಂತ್ರದ ಸವಕಳಿ ಬಿಡಬೇಡಿ. ಜೇನು ಕಡಿಮೆ ಬಂದ ವರ್ಷದ ಲೆಕ್ಕವನ್ನೂ ಪಕ್ಕದಲ್ಲೇ ಹಾಕಿ. ಬ್ಯಾಂಕಿನವರು ಹೇಗೂ ಅದನ್ನೇ ಕೇಳುತ್ತಾರೆ. ಇನ್‌ವಾಯ್ಸ್‌ನ ಫೋಟೋ ಇಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ. ಖಾತೆ ನಂಬರ್ ಮಾತ್ರ ಮುಚ್ಚಿ.