ಓಟ ನಿಂತಾಗ ಎದ್ದ ಭಯ: ಒಂದು ಆಪ್ತಸಲಹೆ ಪ್ರಕರಣ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ದಾವಣಗೆರೆಯ ಮಂಡಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ, ಓಟದ ಅಭ್ಯಾಸವಿದ್ದ 45 ವರ್ಷದ ಈ ಗೃಹಸ್ಥರನ್ನು ನನ್ನ ಬಳಿಗೆ ಕರೆತಂದವರು ಅವರ ಪತ್ನಿ. ಬಲಗಡೆಯ ಸೊಂಟದ ಕೀಲಿನಲ್ಲಿ, ತೊಡೆಮೂಳೆಯ ಕುತ್ತಿಗೆಯ ಭಾಗದಲ್ಲಿ ಸ್ಟ್ರೆಸ್ ಫ್ರಾಕ್ಚರ್ (ಪದೇ ಪದೇ ಬೀಳುವ ಭಾರದಿಂದ ಮೂಳೆಯಲ್ಲಿ ಮೂಡುವ ಸಣ್ಣ ಬಿರುಕು) ಆಗಿದೆಯೆಂದೂ ಆರು ವಾರ ಆ ಕಾಲಿನ ಮೇಲೆ ಭಾರ ಹಾಕಬಾರದೆಂದೂ ಹೇಳಿ ಮೂಳೆತಜ್ಞರು ಊರುಗೋಲು ಕೊಟ್ಟಿದ್ದರು. ನಾಲ್ಕನೆಯ ವಾರದ ಒಂದು ನಸುಕಿನಲ್ಲಿ ಅವರು ಊರುಗೋಲುಗಳನ್ನು ಗೇಟಿಗೆ ಒರಗಿಸಿ, ರಸ್ತೆಯ ತಿರುವಿನವರೆಗೆ ಓಡಲು ನೋಡಿದ್ದನ್ನು ಪತ್ನಿ ಮಹಡಿಯಿಂದ ಕಂಡಿದ್ದರು. ಮನೆಯವರೆಲ್ಲ ಇದನ್ನು ಹಟವೆಂದು ಬೈದಿದ್ದರು.

ಮಾತಿಗೆ ಕೂರುವ ಮೊದಲು, ಅದೇ ದಿನ ಮೂಳೆತಜ್ಞರನ್ನು ಮತ್ತೆ ಕಂಡು ಬರುವಂತೆ ಹೇಳಿದೆ. ತೊಡೆಮೂಳೆಯ ಕುತ್ತಿಗೆಯಲ್ಲಿರುವ ಬಿರುಕು ಪೂರ್ತಿ ಮುರಿತವಾಗಿ ಮೂಳೆ ಜರುಗಿದರೆ, ಕೀಲಿನೊಳಗೆ ಕೂರುವ ಅದರ ದುಂಡನೆಯ ತುದಿಗೆ ಹೋಗುವ ರಕ್ತವೇ ನಿಂತು ಕೀಲು ಹಾಳಾಗುವ ಅಪಾಯವಿದೆ. ಇಂಥ ಬಿರುಕು ಮೂಳೆಯ ಹೊರ ಮೇಲ್ಭಾಗದಲ್ಲಿದ್ದರೆ ಸಾಮಾನ್ಯವಾಗಿ ಸ್ಕ್ರೂ ಹಾಕಬೇಕಾಗುತ್ತದೆ. ಒಳ ಕೆಳಭಾಗದಲ್ಲಿದ್ದರೆ, ಇವರದು ಅಲ್ಲಿಯೇ ಇತ್ತು, ಭಾರ ತಪ್ಪಿಸಿ ವಿಶ್ರಾಂತಿ ಕೊಟ್ಟಾಗ ಬಹುಮಟ್ಟಿಗೆ ತಾನಾಗಿ ಕೂಡಿಕೊಳ್ಳುತ್ತದೆ. ಅದೃಷ್ಟಕ್ಕೆ ಬಿರುಕು ಹೆಚ್ಚಿರಲಿಲ್ಲ. ಆದರೆ ಈ ಅಪಾಯದ ಅರಿವು ಅವರಿಗಿರಲಿಲ್ಲ. ‘ರೆಸ್ಟ್ ಮಾಡಿ’ ಎಂಬ ಮಾತಷ್ಟೇ ಅವರ ಕಿವಿಗೆ ಬಿದ್ದಿತ್ತು. ಕಾರಣ ತಿಳಿಯದ ಕಟ್ಟುನಿಟ್ಟನ್ನು ಯಾರೂ ಬಹಳ ದಿನ ಪಾಲಿಸುವುದಿಲ್ಲ.

ನೋವು ತಿಂಗಳುಗಳ ಹಿಂದೆಯೇ ತೊಡೆಸಂದಿನಲ್ಲಿ ಕಾಣಿಸಿಕೊಂಡಿತ್ತು. ಮೊದಲು ಐದು ಕಿಲೋಮೀಟರ್ ಓಡಿದ ಮೇಲೆ ಬರುತ್ತಿದ್ದದ್ದು, ಕಡೆಕಡೆಗೆ ಮೆಟ್ಟಿಲು ಹತ್ತುವಾಗಲೂ ಬರತೊಡಗಿತು. ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದುದನ್ನು ಅವರು ಓಡಲು ಸಿಕ್ಕ ಅನುಮತಿಯೆಂದೇ ಭಾವಿಸಿ, ನೋವಿನ ಮಾತ್ರೆ ನುಂಗಿ ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರ್ ಓಟ ಮುಗಿಸಿ ಬಂದಿದ್ದರು. ಈ ಬಗೆಯ ಬಿರುಕು ಆರಂಭದಲ್ಲಿ ಎಕ್ಸ್‌ರೇಗೆ ಸಿಗದಿರುವುದು ಸಾಮಾನ್ಯ. ಇವರಲ್ಲಿಯೂ ಅದು ಎಂಆರ್‌ಐ ಮಾಡಿಸಿದಾಗಲೇ ಗೊತ್ತಾದದ್ದು.

ಇಷ್ಟು ನೋವು ನುಂಗಿಕೊಂಡು ಓಡುವಂತೆ ಮಾಡಿದ್ದು ಯಾವುದು ಎಂಬುದು ನನ್ನ ಮುಂದಿದ್ದ ಪ್ರಶ್ನೆಯಾಗಿತ್ತು. ಪದಕದ ಆಸೆಯಿರಬಹುದೆಂದು ಮನೆಯವರು ತಿಳಿದಿದ್ದರು. ಎರಡನೆಯ ಭೇಟಿಯಲ್ಲಿ, ಪತ್ನಿ ಹೊರಗೆ ಕುಳಿತಿದ್ದಾಗ, ಅವರು ಹೇಳಿದರು: “ಓಡದು ಬಿಟ್ರೆ ನಮ್ಮಪ್ಪಂಗೆ ಆದಂಗೇ ನಂಗೂ ಆಗ್ತತಿ ಮೇಡಂ. ಅವ್ರು ಹೋದಾಗ ನಲವತ್ತೆಂಟು. ನಂಗಿನ್ನು ಮೂರೇ ವರ್ಷ ಐತಿ.” ತಂದೆ ಹೃದಯಾಘಾತದಿಂದ ತೀರಿಕೊಂಡಿದ್ದರು. ನಲವತ್ತು ತುಂಬಿದ ವರ್ಷ ಇವರು ಕುಂದುವಾಡ ಕೆರೆಯ ಸುತ್ತ ನಡೆಯಲು, ಆಮೇಲೆ ಓಡಲು ತೊಡಗಿದ್ದರು. ಓಡಿದ ದಿನ ಎದೆಯ ಮೇಲಿನ ಭಯ ಇಳಿಯುತ್ತಿತ್ತು, ಓಡದ ದಿನ ನಾಡಿ ಹಿಡಿದು ನೋಡಿಕೊಳ್ಳುತ್ತಿದ್ದರು. ಐದು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಕಾಲು ಕೈಕೊಟ್ಟಾಗ ಆ ಭಯಕ್ಕೆ ಇದ್ದ ಒಂದೇ ಮದ್ದು ಕೈತಪ್ಪಿತ್ತು; ನಿದ್ದೆ ಕೆಟ್ಟು, ಮಕ್ಕಳ ಮೇಲೆ ರೇಗಾಟ ಹೆಚ್ಚಿ, ಮೈ ಬರುತ್ತದೆಂಬ ಅಂಜಿಕೆಯಿಂದ ರಾತ್ರಿಯ ಊಟವನ್ನೂ ಬಿಟ್ಟಿದ್ದರು.

ಆದ್ದರಿಂದ ನನ್ನ ಮೊದಲ ಸಲಹೆ ಕಾಲಿನ ಕುರಿತಾಗಿರದೆ ಹೃದಯದ ಕುರಿತಾಗಿತ್ತು. ಭಯವನ್ನು ಸಮಾಧಾನದ ಮಾತಿನಿಂದ ಮುಚ್ಚುವ ಬದಲು ಪರೀಕ್ಷಿಸಿ ನೋಡುವುದೇ ಸರಿಯೆಂದು ನನ್ನ ನಂಬಿಕೆ. ವೈದ್ಯರಲ್ಲಿ ಹೋಗಿ ತಂದೆಯ ಸಾವಿನ ವಿಷಯವನ್ನು ಸ್ಪಷ್ಟವಾಗಿ ತಿಳಿಸಿ, ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ಹಾಗೂ ಹೃದಯದ ತಪಾಸಣೆ ಮಾಡಿಸಿಕೊಳ್ಳಲು ಹೇಳಿದೆ. ಕೊಲೆಸ್ಟ್ರಾಲ್ ಹೆಚ್ಚಿತ್ತು, ಉಳಿದದ್ದೆಲ್ಲ ಸರಿಯಿತ್ತು. ಅದಕ್ಕೆ ಚಿಕಿತ್ಸೆ ಆರಂಭವಾಯಿತು. ಓಟದಿಂದಲೇ ಎಲ್ಲವೂ ಸರಿಯಿರುತ್ತದೆಂದು ಅವರು ಈ ಪರೀಕ್ಷೆಯನ್ನು ಒಮ್ಮೆಯೂ ಮಾಡಿಸಿರಲಿಲ್ಲ.

ಊಟದ ವಿಷಯದಲ್ಲಿ ನಾನು ರಾಜಿಯಾಗಲಿಲ್ಲ. ಓಡುವಷ್ಟಕ್ಕೆ ತಕ್ಕ ಆಹಾರ ತೆಗೆದುಕೊಳ್ಳದವರಲ್ಲಿ ಇಂಥ ಬಿರುಕಿನ ಸಂಭವ ಹೆಚ್ಚು, ಕೂಡಿಕೊಳ್ಳುತ್ತಿರುವ ಮೂಳೆಗಂತೂ ಆಹಾರ ಬೇಕೇ ಬೇಕು. ರಾತ್ರಿ ರಾಗಿ ಮುದ್ದೆ, ಕಾಳಿನ ಸಾರು, ಮೊಸರು ತಪ್ಪಿಸಬಾರದೆಂದೂ, ವಿಟಮಿನ್ ಡಿ ಪರೀಕ್ಷೆಯ ಬಗ್ಗೆ ಮೂಳೆತಜ್ಞರನ್ನೇ ಕೇಳಬೇಕೆಂದೂ ಹೇಳಿದೆ. ಫಿಸಿಯೋಥೆರಪಿಸ್ಟ್ ಅವರು ಕುಳಿತೇ ಮಾಡುವ ತೋಳು, ಭುಜಗಳ ವ್ಯಾಯಾಮ ಹೇಳಿಕೊಟ್ಟರು. ಮೊದಲು ಓಡುತ್ತಿದ್ದ ಹೊತ್ತಿನಲ್ಲೇ, ಐದೂವರೆಗೆ, ಅದನ್ನು ಮಾಡುವಂತೆ ಒಪ್ಪಿಸಿದೆ. ಆ ಹೊತ್ತಿನಲ್ಲಿ ಹಾಸಿಗೆಯಲ್ಲಿ ಬಿದ್ದಿದ್ದರೆ ಭಯ ಎರಡರಷ್ಟಾಗುತ್ತಿತ್ತು.

ಕೆರೆಯ ಬಳಿ ಹೋಗಿ ಗೆಳೆಯರ ಓಟ ನೋಡುತ್ತ ಕೂತರೆ ಮನಸ್ಸು ಹಗುರಾದೀತೆಂದು ಬಂಧುಗಳು ಸೂಚಿಸಿದ್ದರು. ಅವರಿಗೆ ಅದು ಸಂಕಟವಾಗುತ್ತಿತ್ತು, ನಾನು ಒತ್ತಾಯಿಸಲಿಲ್ಲ. ಬದಲಾಗಿ ಓಟದ ಗೆಳೆಯರಲ್ಲಿ ಒಬ್ಬರು ಭಾನುವಾರ ಮನೆಗೇ ಬಂದು ಚಹಾ ಕುಡಿದು ಹೋಗುವ ಏರ್ಪಾಡಾಯಿತು.

ಪತ್ನಿಯೊಡನೆ ಪ್ರತ್ಯೇಕವಾಗಿ ಮಾತನಾಡಿದೆ. “ಮೊದ್ಲೇ ಹೇಳಿದ್ದೆ” ಎಂಬ ಮಾತು ಮನೆಯಲ್ಲಿ ದಿನಕ್ಕೆ ಹಲವು ಬಾರಿ ಕೇಳಿಬರುತ್ತಿತ್ತು. ಆಕೆಯ ಸಿಟ್ಟಿನ ಕೆಳಗೂ ಗಂಡನನ್ನು ಕಳೆದುಕೊಳ್ಳುವ ಭಯವೇ ಇತ್ತು. “ಆ ಭಯವನ್ನು ಭಯವೆಂದೇ ಗಂಡನಿಗೆ ಹೇಳಿ, ಬೈಗುಳವಾಗಿ ಬೇಡ” ಎಂದೆ. ಆಕೆ ಹೇಳಿದ ಸಂಜೆಯೇ ಅವರೂ ತಂದೆಯ ವಿಷಯ ತೆರೆದು ಮಾತನಾಡಿದರಂತೆ.

ಈಗ ಊರುಗೋಲು ಬಿಟ್ಟು ನೋವಿಲ್ಲದೆ ನಡೆಯುತ್ತಿದ್ದಾರೆ. ನಿದ್ದೆ ಸುಧಾರಿಸಿದೆ, ನಾಡಿ ನೋಡಿಕೊಳ್ಳುವ ಅಭ್ಯಾಸ ಪೂರ್ತಿ ಹೋಗಿಲ್ಲ, ಅದಕ್ಕಾಗಿ ಭೇಟಿಗಳು ಮುಂದುವರಿದಿವೆ. ಮತ್ತೆ ಓಡುವ ಕುರಿತು ಮೂಳೆತಜ್ಞರ ಮಾತಿಗೆ ಅನುಗುಣವಾಗಿ ಮೂವರೂ ಕೂತು ಒಪ್ಪಿದ ಕ್ರಮ ಹೀಗಿದೆ: ಅರ್ಧ ಗಂಟೆಯ ಬಿರುಸು ನಡಿಗೆ ನೋವಿಲ್ಲದೆ ಸಾಧ್ಯವಾದ ಮೇಲೆಯೇ, ವೈದ್ಯರ ಅನುಮತಿ ಪಡೆದು, ದಿನ ಬಿಟ್ಟು ದಿನ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂಬಂತೆ ಆರಂಭಿಸಬೇಕು, ಓಡುವ ಮುನ್ನ ನೋವಿನ ಮಾತ್ರೆ ತೆಗೆದುಕೊಳ್ಳಬಾರದು, ತೊಡೆಸಂದಿನಲ್ಲಿ ನೋವು ಬಂದರೆ ಅಲ್ಲಿಯೇ ನಿಂತು, ಆಟೋ ಹಿಡಿದು ಮನೆಗೆ ಬಂದು, ಅಂದೇ ಮೂಳೆತಜ್ಞರಿಗೆ ತಿಳಿಸಬೇಕು.