ಓದುಗರ ಪ್ರಶ್ನೆ: ಒಂಟಿಗಾಲಿ ಸೈಕಲ್ಲಿಗೂ ಗೇಟ್ ತೆಗೀರಿ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು, ಬಳ್ಳಾರಿಯಿಂದ ಎರಡು, ಕೊಪ್ಪಳ ರಾಯಚೂರಿಂದ ಒಂದೊಂದು. ಅದಕ್ಕೆ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ತಗೊಂಡಿದ್ದೀನಿ.

ಪ್ರಶ್ನೆ: ಸರ್, ನನ್ನ ಮಗನಿಗೆ 13 ವರ್ಷ. ದಸರಾ ರಜದಲ್ಲಿ ಅವನ ಸೋದರಮಾವ ಬೆಂಗಳೂರಿಂದ ಯೂನಿಸೈಕಲ್ ತಂದುಕೊಟ್ಟ, ಅದೇ ಒಂದೇ ಗಾಲಿದು. ಮೂರು ತಿಂಗಳಲ್ಲಿ ಎಷ್ಟು ಚೆನ್ನಾಗಿ ಕಲಿತಾನೆ ಅಂದ್ರೆ ಈಗ ಅದರ ಮೇಲೇ ಕೂತು ಮೆಟ್ಟಿಲು ಹಾರ್ತಾನೆ. ಆದ್ರೆ ಮನೆ ಮುಂದೆ ಟಂಟಂ, ಲಾರಿ, ನಾಯಿ, ನಂಗೆ ಜೀವ ಕೈಯಲ್ಲಿ ಹಿಡಕೊಂಡು ನಿಂತಂಗೆ ಆಗುತ್ತೆ. ಸ್ವಲ್ಪ ದೂರದಲ್ಲಿ ಸ್ಕೇಟಿಂಗ್ ಜಾಗ ಐತೆ, ಸಪಾಟು ರಿಂಕು, ಮೂಲೆಲಿ ಎರಡು ರ‍್ಯಾಂಪು. ಕರ್ಕೊಂಡು ಹೋದ್ರೆ ವಾಚ್‌ಮನ್ "ಸೈಕಲ್ ಒಳಗೆ ಬಿಡಲ್ಲ, ಇದೇನು ಸರ್ಕಸ್ಸಾ" ಅಂತ ವಾಪಸ್ ಕಳಿಸಿದ. ಬಿಎಂಎಕ್ಸ್ ಅಂತ ಸ್ಟಂಟ್ ಮಾಡೋ ಚಿಕ್ಕ ಸೈಕಲ್ ತಂದ ಹುಡುಗರನ್ನೂ ಹಂಗೇ ಕಳಿಸ್ತಾರಂತೆ. ಸರ್ಕಾರದ ದುಡ್ಡಲ್ಲಿ ಕಟ್ಟಿದ್ದಲ್ವಾ ಇದು? ಏನು ಮಾಡ್ಲಿ?
(ಕೌಲ್ ಬಜಾರ್ ಕಡೆಯ ಒಬ್ಬ ತಾಯಿ, ಬಳ್ಳಾರಿ)

ಉತ್ತರ: ಅಮ್ಮಾ, ಆ ಸರ್ಕಸ್ ಅನ್ನೋ ಮಾತು ಓದಿ ನನಗೂ ಹೊಟ್ಟೆ ಉರೀತು. ಮೂರು ತಿಂಗಳು ಬಿದ್ದು ಎದ್ದು, ಮೊಣಕಾಲು ಕೆತ್ತಿಸ್ಕೊಂಡು ಕಲಿತ ಹುಡುಗನಿಗೆ ಗೇಟಲ್ಲಿ ನಿಂತು ಹೇಳೋ ಮಾತಲ್ಲ ಅದು. ಆದ್ರೂ ವಾಚ್‌ಮನ್ ಮೇಲೆ ಸಿಟ್ಟು ಬೇಡ, ಅವನಿಗೆ ಮೇಲಿನವರು ಯಾರೋ ಹೇಳಿರ್ತಾರೆ, ಒಳಗೆ ಏನಾದ್ರೂ ಆದ್ರೆ ಮೊದಲು ಕೆಲಸ ಹೋಗೋದು ಅವನದೇ. ಹೇಳಿದವರು ಯಾರು ಅಂತ ತಿಳ್ಕೊಂಡು ಅವರ ಹತ್ರ ಕೂತು ಯಾಕೆ ಬಿಡಲ್ಲ ಅನ್ನೋದನ್ನ ಬಾಯಿ ಬಿಡಿಸಬೇಕು, ಯಾಕಂದ್ರೆ "ರೂಲ್ಸ್ ಇಲ್ಲ" ಅನ್ನೋದು ಕಾರಣ ಅಲ್ಲ, ಅದರ ಹಿಂದೆ ಒಂದು ಭಯ ಇರುತ್ತೆ, ಆ ಭಯಕ್ಕೆ ಉತ್ತರ ಕೊಟ್ರೆ ಅರ್ಧ ಗೇಟು ತೆಗೆದಂಗೆ.

ಬಹಳ ಕಡೆ ಆ ಭಯ ನೆಲದ್ದು. ಅದು ಸುಳ್ಳಲ್ಲಮ್ಮಾ. ಬಿಎಂಎಕ್ಸ್ ಸೈಕಲ್ಲಿನ ಗಾಲಿ ಪಕ್ಕ ಪೆಗ್ ಅಂತ ಕಬ್ಬಿಣದ ಗೂಟ ಹಾಕಿರ್ತಾರೆ, ರ‍್ಯಾಂಪಿನ ಮೇಲಂಚಿಗೆ ಇರೋ ಕೋಪಿಂಗ್ ಪೈಪ್ ಮೇಲೆ ಅದನ್ನ ಉಜ್ಜಿಕೊಂಡು ಜಾರ್ತಾರೆ, ಪೈಪ್ ತಡೆಯುತ್ತೆ ಆದ್ರೆ ಗುರಿ ತಪ್ಪಿ ಸಿಮೆಂಟ್ ಅಂಚಿಗೆ ಬಿದ್ರೆ ಅಂಚು ಎದ್ದು ಬರುತ್ತೆ, ಸೈಕಲ್ಲೂ 11 ಕಿಲೋ ಆಸುಪಾಸು ಇರುತ್ತಲ್ಲ. ನಿಮ್ಮ ಮಗನ ಸೈಕಲ್ಲಿಗೆ ಪೆಗ್ಗೂ ಇಲ್ಲ, ಹ್ಯಾಂಡಲ್ಲೂ ಇಲ್ಲ, ತೂಕ ಹೆಚ್ಚು ಕಡಿಮೆ ಅದರ ಅರ್ಧ. ಕೈ ಬಿಟ್ರೆ ನೆಲಕ್ಕೆ ತಾಗೋದು ಸೀಟು ಇಲ್ಲಾ ಪೆಡಲ್. ಆ ಪೆಡಲ್ ಲೋಹದ್ದಾಗಿ ಮೇಲೆ ಮುಳ್ಳು ಮುಳ್ಳು ಪಿನ್ ಇದ್ರೆ ಗೀರು ಬೀಳೋದು ಖಂಡಿತ, ಅದಕ್ಕೆ ಮೊದಲು ಪ್ಲಾಸ್ಟಿಕ್ ಪೆಡಲ್ ಹಾಕಿಸಿ. ಬಿಎಂಎಕ್ಸ್ ಹುಡುಗರಿಗೂ ಹೇಳಿ, ಪೆಗ್ ಬಿಚ್ಚಿ ಇಡ್ಲಿ ಇಲ್ಲಾ ಮೇಲೆ ಪ್ಲಾಸ್ಟಿಕ್ ಕವಚ ಇರೋ ಪೆಗ್ ಹಾಕ್ಲಿ, ಹ್ಯಾಂಡಲ್ಲಿನ ಎರಡೂ ತುದಿಗೆ ಬುಚ್ಚು ಇರ್ಲೇಬೇಕು, ಬರೀ ಪೈಪಿನ ಬಾಯಿ ಸಿಮೆಂಟಿಗೂ ಕೆಟ್ಟದ್ದು, ಬಿದ್ದವನ ಹೊಟ್ಟೆಗೆ ಇನ್ನೂ ಕೆಟ್ಟದ್ದು.

ರಿಂಕಿನ ವಿಷಯ ಬೇರೆ, ಅಲ್ಲಿ ಕೋಚ್‌ಗಳು ಹೆದರೋದು ಧೂಳಿಗೆ. ಇನ್‌ಲೈನ್ ಸ್ಕೇಟ್, ಅಂದ್ರೆ ಗಾಲಿಗಳು ಒಂದೇ ಸಾಲಲ್ಲಿರೋ ಶೂ, ಅದರ ಗಾಲಿ ತುಂಬಾ ಸಣ್ಣದು, ಜೋರಾಗಿ ಬರೋ ಮಗುವಿನ ಗಾಲಿಗೆ ಒಂದು ಕಾಳಿನಷ್ಟು ಕಲ್ಲು ಸಿಕ್ರೂ ಮುಖ ಅಡಿಯಾಗಿ ಬೀಳುತ್ತೆ. ನಮ್ಮೂರ ಕೆಂಪು ಧೂಳು ಗೊತ್ತಲ್ಲ, ಅದಿರಿನ ಲಾರಿ ಹೋದ ರೋಡಲ್ಲಿ ಸೈಕಲ್ ಹೊಡ್ಕೊಂಡು ಬಂದು ಸೀದಾ ರಿಂಕಿಗೆ ಇಳಿದ್ರೆ ಟೈರಿನ ಸಂದಿಯಲ್ಲಿರೋ ಮಣ್ಣೆಲ್ಲಾ ಅಲ್ಲೇ ಉದುರುತ್ತೆ. ಹಸಿ ಬಟ್ಟೆ ಒಂದು ಬ್ಯಾಗಲ್ಲಿ ಇಟ್ಟುಕೊಳ್ಳಿ, ಗೇಟಲ್ಲೇ ಎಲ್ಲರ ಕಣ್ಣೆದುರು ಟೈರ್ ಒರೆಸಿ ಒಳಗೆ ಹೋಗ್ಲಿ. ಇದು ಸಣ್ಣದು ಅನ್ಸುತ್ತೆ, ಆದ್ರೆ ಕೋಚ್ ಅದನ್ನ ನೋಡ್ತಿರ್ತಾರೆ.

ಆಮೇಲೆ ಡಿಕ್ಕಿ ಭಯ. ಇದಕ್ಕೆ ಲೆಕ್ಕ ಹಾಕಿ ತೋರಿಸಿ. 20 ಇಂಚಿನ ಗಾಲಿ ಒಂದು ಸುತ್ತು ಉರುಳಿದ್ರೆ ಸುಮಾರು 1.6 ಮೀಟರ್. ಯೂನಿಸೈಕಲ್ಲಲ್ಲಿ ಚೈನ್ ಇಲ್ಲ, ಫ್ರೀವೀಲ್ ಇಲ್ಲ, ಕಾಲು ಒಂದು ಸುತ್ತು ಹೋದ್ರೆ ಗಾಲಿನೂ ಒಂದೇ ಸುತ್ತು, ಕಾಲು ನಿಂತ್ರೆ ಗಾಲಿ ನಿಂತಂಗೆ. ನಿಮಿಷಕ್ಕೆ 100 ಸುತ್ತು ತುಳಿದ್ರೂ ಗಂಟೆಗೆ 10 ಕಿಲೋಮೀಟರ್ ದಾಟಲ್ಲ, ಒಬ್ಬ ಮನುಷ್ಯ ಮೆಲ್ಲಗೆ ಓಡೋ ಸ್ಪೀಡು ಅಷ್ಟೇ. ರಿಂಕಲ್ಲಿ ಸ್ಪೀಡ್ ಸ್ಕೇಟಿಂಗ್ ಮಕ್ಕಳು ಅದರ ಎರಡು ಮೂರು ಪಟ್ಟು ಜೋರಾಗಿ ಬರ್ತಾರೆ. ಅಂದ್ರೆ ಅಪಾಯ ನಿಮ್ಮ ಮಗನಿಂದ ಅವರಿಗಲ್ಲ, ಅವರಿಂದ ಇವನಿಗೆ! ಅದಕ್ಕೇ ಹೇಳೋದು, ಜಾಗ ಕೇಳಬೇಡಿ, ಟೈಮ್ ಕೇಳಿ. ನಮ್ಮ ಮಗನ್ನೂ ಒಳಗೆ ಬಿಡಿ ಅಂದ್ರೆ ಅವರ ಕಣ್ಣಿಗೆ ಗದ್ದಲ ಕಾಣುತ್ತೆ, ನಮಗೆ ವಾರಕ್ಕೆ ಎರಡು ದಿನ ರಾತ್ರಿ ಏಳೂವರೆಯಿಂದ ಎಂಟೂವರೆ ಕೊಡಿ ಅಂದ್ರೆ ಖಾಲಿ ಬಿದ್ದಿರೋ ರಿಂಕು ಕಾಣುತ್ತೆ. ಬೆಳಗ್ಗೆ ಸಂಜೆ ಕ್ಲಾಸ್ ಇರುತ್ತೆ, ನಮ್ಮ ಬಿಸಿಲಿಗೆ ಮಧ್ಯಾಹ್ನ ಆ ಸಿಮೆಂಟ್ ಮೇಲೆ ಕಾಲಿಡೋಕಾಗಲ್ಲ, ಕ್ಲಾಸ್ ಮುಗಿದ ಮೇಲಿನ ಒಂದು ಗಂಟೆ ಯಾರಿಗೂ ಬೇಡದ ಗಂಟೆ, ಅದೇ ನಿಮಗೆ ಬೇಕಾಗಿರೋದು.

ಇನ್ನು ಪೆಟ್ಟಾದ್ರೆ ಯಾರ ತಲೆಗೆ ಅನ್ನೋದು. ಹೆಲ್ಮೆಟ್, ಮೊಣಕಾಲು ಮೊಣಕೈ ಪ್ಯಾಡ್ ಇಲ್ಲದೆ ಇಳಿಯಲ್ಲ, ನಮ್ಮ ಜವಾಬ್ದಾರಿ ಅಂತ ತಂದೆ ತಾಯಿ ಸಹಿ ಮಾಡಿದ ಪತ್ರ ಒಬ್ಬೊಬ್ಬ ಮಗುವಿಂದೂ ಕೊಡಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಕೇಟ್ ಪಾರ್ಕಿಗೆ ಅಂತಲೇ ಕಾನೂನು ಐತೆ, ಅದರಲ್ಲಿ ಹೆಲ್ಮೆಟ್ಟು, ಆ ಎರಡೂ ಪ್ಯಾಡು ಕಡ್ಡಾಯ, ಮೊದಲು ಬರೀ ಸ್ಕೇಟ್‌ಬೋರ್ಡ್ ಅಂತ ಇದ್ದ ಆ ಕಾನೂನಿಗೆ 2015ರಲ್ಲಿ ತಿದ್ದುಪಡಿ ತಂದು ಸೈಕಲ್ಲು, ಸ್ಕೂಟರ್ರು, ವೀಲ್‌ಚೇರ್ ತನಕ ಬೇರೆ ಗಾಲಿ ಆಟಗಳನ್ನೂ ಸೇರಿಸಿದ್ರು. ಅಲ್ಲೂ ಜನ ಕೇಳಿ ಕೇಳಿನೇ ಆಗಿದ್ದು. ಮತ್ತೆ ಟೋಕಿಯೋ ಒಲಿಂಪಿಕ್ಸಲ್ಲಿ, ಅದೇ 2021ರಲ್ಲಿ ನಡೀತಲ್ಲ, ಸ್ಕೇಟ್‌ಬೋರ್ಡಿಂಗೂ ಬಿಎಂಎಕ್ಸ್ ಫ್ರೀಸ್ಟೈಲೂ ಎರಡೂ ಮೊದಲ ಸಲ ಬಂದಿದ್ದು, ಎರಡೂ ನಡೆದಿದ್ದು ಅರಿಯಾಕೆ ಅನ್ನೋ ಒಂದೇ ಕ್ರೀಡಾ ಪಾರ್ಕಲ್ಲಿ. ಯೂನಿಸೈಕಲ್ ಒಲಿಂಪಿಕ್ಸಲ್ಲಿ ಇಲ್ಲ, ಆದ್ರೆ ಅದಕ್ಕೂ ಯೂನಿಕಾನ್ ಅಂತ ವಿಶ್ವ ಮಟ್ಟದ ಸ್ಪರ್ಧೆ 1984ರಿಂದ ಐತೆ, ಜಪಾನಲ್ಲಿ ಎಷ್ಟೋ ಪ್ರೈಮರಿ ಶಾಲೆಗಳಲ್ಲೇ ಇಟ್ಟಿರ್ತಾರೆ. ಮುಂದಿನ ಸಲ ಯಾರಾದ್ರೂ ಸರ್ಕಸ್ ಅಂದ್ರೆ ಇದನ್ನ ಹೇಳಿ.

ಆಫೀಸಿನ ಕೆಲಸ ಹೇಗೆ ಅಂದ್ರೆ, ಮೊದಲು ಜಾಗ ಯಾರದು ಅಂತ ಪತ್ತೆ ಮಾಡಿ. ಪಾಲಿಕೆದಾದ್ರೆ ಆಯುಕ್ತರಿಗೆ, ಕ್ರೀಡಾ ಇಲಾಖೆದಾದ್ರೆ ಜಿಲ್ಲೆಯ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಆಫೀಸಿಗೆ ಅರ್ಜಿ, ಒಂದೇ ಪುಟ, ದಿನ ಟೈಮು ಮಕ್ಕಳ ಸಂಖ್ಯೆ ಬರೆದು. ಟಪಾಲಲ್ಲಿ ಕೊಟ್ಟು ಇನ್ನೊಂದು ಕಾಪಿ ಮೇಲೆ ಸೀಲು ತಾರೀಕು ಹಾಕಿಸ್ಕೊಳ್ಳಿ, ಇದನ್ನ ಮರೀಬೇಡಿ, ಸೀಲಿಲ್ಲದ ಅರ್ಜಿ ಕೊಟ್ಟೇ ಇಲ್ಲ ಅಂತ ಲೆಕ್ಕ. ನಿಮ್ಮ ವಾರ್ಡಿನ ಕಾರ್ಪೊರೇಟರ್‌ಗೂ ಒಂದು ಪ್ರತಿ. ಉತ್ತರನೇ ಬರದಿದ್ರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ: ಈ ಜಾಗ ಕಟ್ಟೋಕೆ ಯಾವ ಅನುದಾನ, ಯಾರಿಗೆ ಬಳಸೋಕೆ ಕೊಟ್ಟಿದ್ದೀರಿ, ಸೈಕಲ್ ಬಿಡಬಾರದು ಅನ್ನೋ ಆದೇಶ ಇದ್ರೆ ಅದರ ನಕಲು ಕೊಡಿ. 30 ದಿನದಲ್ಲಿ ಉತ್ತರ ಕೊಡಬೇಕು. ನಾನು ನೋಡಿದ ಮಟ್ಟಿಗೆ ಅಂಥ ಆದೇಶ ಬರವಣಿಗೆಯಲ್ಲಿ ಇರೋದೇ ಅಪರೂಪ, ಬಾಯಿ ಮಾತಲ್ಲೇ ವರ್ಷಗಟ್ಟಲೆ ನಡೆದಿರುತ್ತೆ.

ನನ್ನದೇ ಒಂದು ಹೇಳ್ತೀನಿ. ಕೆಲವು ವರ್ಷದ ಹಿಂದೆ ನಮ್ಮ ಭಾಗದ್ದೇ ಒಂದು ಊರಲ್ಲಿ, ಹೆಸರು ಬೇಡ, ಹದಿನೈದು ಹುಡುಗರನ್ನ ಸೈಕಲ್ ಸಮೇತ ಕಟ್ಕೊಂಡು ಹೋಗಿ ಗೇಟ್ ಮುಂದೆ ನಿಂತು ಜೋರು ಮಾಡಿದ್ವಿ, ಅವತ್ತು ಹಾಕಿದ ಬೀಗ ಒಂದು ವರ್ಷ ತೆಗೀಲಿಲ್ಲ, ಸ್ಕೇಟಿಂಗ್ ಮಕ್ಕಳಿಗೂ ಅದರಿಂದ ತೊಂದ್ರೆ ಆಯ್ತು, ಅದು ಇವತ್ತಿಗೂ ನನ್ನ ಮನಸ್ಸಲ್ಲಿ ಕೊರೀತೈತೆ. ಎರಡನೇ ಸಲ ಹೋದಾಗ ಇಬ್ಬರೇ ಮಕ್ಕಳು, ಒಂದು ಅರ್ಜಿ, ಎರಡು ಕಸಬರಿಗೆ. ಕೋಚ್ ಬರೋಕೆ ಮುಂಚೆ ರಿಂಕ್ ಪೂರ್ತಿ ಗುಡಿಸಿದ್ವಿ. ಅವರು ನಿಂತು ನೋಡಿದ್ರು, ಒಂದು ರೌಂಡ್ ಹೊಡೆದು ತೋರಿಸಪ್ಪ ಅಂದ್ರು. ಅದೇ ತಿಂಗಳು ಭಾನುವಾರ ರಾತ್ರಿ ಒಂದು ಗಂಟೆ ಸಿಕ್ತು.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸ್. ನಂಗೂ ಯೂನಿಸೈಕಲ್ ಕಲೀಬೇಕಂತ ಆಸೆ ಐತ್ರಿ. ನಮ್ಮೂರಾಗ ಕಲಿಸೋರು ಯಾರೂ ಇಲ್ಲ. ಹುಡುಗೀರು ಕಲೀಬಹುದೇನ್ರಿ? ಎಷ್ಟು ದಿನ ಬೇಕು?
(ಒಬ್ಬ ವಿದ್ಯಾರ್ಥಿನಿ, ಕೊಪ್ಪಳ)

ಉತ್ತರ: ಕಲೀಬಹುದೇನು ಅಂತ ಯಾಕವ್ವಾ ಕೇಳ್ತಿ, ಧಾರಾಳವಾಗಿ ಕಲಿ. 20 ಇಂಚಿನ ಗಾಲಿದು ಸಾಕು. ಪೆಡಲ್ ಕೆಳಗಿದ್ದಾಗ ಕಾಲು ಹೆಚ್ಚು ಕಡಿಮೆ ನೆಟ್ಟಗಾಗೋ ಅಷ್ಟು ಸೀಟ್ ಎತ್ತರ ಇಟ್ಕೋ. ಶಾಲೆ ಕಾಂಪೌಂಡ್ ಗೋಡೆ ಹಿಡ್ಕೊಂಡು ಶುರು ಮಾಡು, ಭಾರ ಪೂರ್ತಿ ಸೀಟಿನ ಮೇಲೆ ಬಿಡು, ಪೆಡಲ್ ಮೇಲೆ ಎದ್ದು ನಿಂತ್ರೆ ಬ್ಯಾಲೆನ್ಸ್ ತಪ್ಪುತ್ತೆ, ಕಣ್ಣು ಗಾಲಿ ಕಡೆ ಅಲ್ಲ, ದೂರದಲ್ಲಿರೋ ಮರದ ಕಡೆ. ಬೀಳ್ತೀನಿ ಅನ್ಸಿದಾಗ ಸೈಕಲ್ ಉಳಿಸೋಕೆ ಹೋಗದೆ ಮುಂದಕ್ಕೆ ಇಳಿದು ಬಿಡು. ದಿನಾ ಅರ್ಧ ಗಂಟೆ ಬಿಡದೆ ಮಾಡಿದ್ರೆ ಮೂರು ವಾರದಲ್ಲಿ ಗೋಡೆ ಬಿಟ್ಟು ಹತ್ತು ಮಾರು ಹೋಗ್ತಿ. ಇನ್ನೊಂದು, ಕ್ರ್ಯಾಂಕ್, ಅಂದ್ರೆ ಪೆಡಲ್ ಕೂರಿಸಿರೋ ಕಡ್ಡಿ, ಅದರ ಮೇಲೆ ಎಡ ಬಲ ಅಂತ ಗುರುತು ಇರುತ್ತೆ, ಸೀಟು ಹಿಂದು ಮುಂದಾಗಿ ಕೂತು ತುಳಿದ್ರೆ ಪೆಡಲ್ ತಾನೇ ಬಿಚ್ಕೊಂಡು ಬರುತ್ತೆ. ಲಂಗ, ದುಪಟ್ಟಾ ಬೇಡ, ಶೂ ಲೇಸು ಒಳಗೆ ಸಿಗಿಸ್ಕೋ.

ಪ್ರಶ್ನೆ: ಅಣ್ಣಾರ, ನಾವು ಆರು ಮಂದಿ ಅದೀವಿ, ಬಿಎಂಎಕ್ಸ್ ಮ್ಯಾಲೆ ಸ್ಟಂಟ್ ಮಾಡ್ತೀವಿ. ನಮ್ಮ ಕಡಿ ಸ್ಕೇಟ್ ಪಾರ್ಕ್ ಅನ್ನೋದೇ ಇಲ್ಲ. ರೋಡ್ ಮ್ಯಾಲೆ ಮಾಡಿದ್ರ ಪೊಲೀಸ್ನೋರು ಸೈಕಲ್ ಕಸಗೊಂತಾರ. ಎಲ್ಲಿ ಹೋಗ್ಬೇಕ್ರಿ ನಾವು?
(ರಾಯಚೂರಿನ ಕಾಲೇಜು ಹುಡುಗರು)

ಉತ್ತರ: ರೋಡ್ ಬಿಡ್ರಪ್ಪಾ, ಅದರಲ್ಲಿ ಪೊಲೀಸ್ನೋರ ತಪ್ಪಿಲ್ಲ, ಹಿಂದಿಂದ ಬರೋ ಬಸ್ಸಿಗೆ ನೀವು ಸ್ಟಂಟ್ ಮಾಡ್ತಿದ್ದೀರಿ ಅಂತ ಗೊತ್ತಿರಲ್ಲ. ಪಾರ್ಕ್ ಕಟ್ಟಿಸಿ ಅಂತ ಈಗಲೇ ಕೇಳೋಕೆ ಹೋದ್ರೆ ನಿಮ್ಮ ಡಿಗ್ರಿ ಮುಗಿಯೋ ತನಕ ಫೈಲ್ ಓಡಾಡುತ್ತೆ, ಅದನ್ನ ಕೇಳ್ತಾ ಇರಿ, ಜೊತೆಗೆ ಎತ್ತಿ ಇಡೋ ರ‍್ಯಾಂಪ್ ಮಾಡ್ಕೊಳ್ಳಿ. 8 ಅಡಿ ಉದ್ದ 4 ಅಡಿ ಅಗಲದ ಪ್ಲೈವುಡ್ ಶೀಟ್ ಸಿಗುತ್ತೆ. ದಪ್ಪ ಪ್ಲೈವುಡ್ ಬಾಗಲ್ಲ, ತೆಳ್ಳಂದು ಎರಡು ಪದರ ಒಂದರ ಮೇಲೊಂದು ಹಾಕಿ ಸ್ಕ್ರೂ ಹೊಡೀರಿ, ಒಳಗೆ ಅಡ್ಡ ಪಟ್ಟಿ ಒತ್ತೊತ್ತಾಗಿ ಕೊಡಿ. ಮೊದಲನೇದು ಎರಡು ಅಡಿ ಎತ್ತರ ಸಾಕು. ಫ್ರೇಮಿಗೆ ವೆಲ್ಡಿಂಗ್ ಅಂಗಡಿಯವರನ್ನ ಹಿಡೀರಿ, ಅಂಚೆಲ್ಲಾ ಉಜ್ಜಿಸಿ ನುಣ್ಣಗೆ ಮಾಡಿಸಿ. ಅದನ್ನ ಇಟ್ಕೊಂಡು ನಿಮ್ಮ ಕಾಲೇಜಿನ ದೈಹಿಕ ಶಿಕ್ಷಣದ ಸರ್ ಹತ್ರ ಹೋಗಿ ಭಾನುವಾರ ಬೆಳಗ್ಗೆ ಹಾಳು ಬಿದ್ದಿರೋ ಬಾಸ್ಕೆಟ್‌ಬಾಲ್ ಕೋರ್ಟ್ ಕೇಳಿ. ಮಧ್ಯಪ್ರದೇಶದ ಪನ್ನಾ ಜಿಲ್ಲೆ ಜನವಾರ್ ಅನ್ನೋ ಹಳ್ಳಿಯಲ್ಲಿ 2015ರಲ್ಲಿ ಸ್ಕೇಟ್ ಪಾರ್ಕ್ ಕಟ್ಟಿದ್ರು, ಹಳ್ಳಿ ಅಂದ್ರೆ ಹಳ್ಳಿ, ಅಲ್ಲಿನ ಮಕ್ಕಳು ಕಲಿತು ಬೆಳೆದ್ರು. ಅಲ್ಲಿ ಆಗಿದ್ದು ರಾಯಚೂರಲ್ಲಿ ಯಾಕಾಗಬಾರದು ಅಂತ ಅರ್ಜಿಯಲ್ಲಿ ಬರೀರಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇರೋದೇ ನಮ್ಮ ಜಿಲ್ಲೆಗಳಿಗೆ, ನಿಮ್ಮ ಶಾಸಕರಿಗೆ ಆ ಅರ್ಜಿ ಕೈಯಾರೆ ಕೊಡಿ, ಆರು ಜನನೂ ಹೋಗಿ.

ಪ್ರಶ್ನೆ: ನನ್ನ ಮಗಳು ನಾಲ್ಕು ವರ್ಷದಿಂದ ಸ್ಕೇಟಿಂಗ್ ಮಾಡ್ತಾಳೆ. ನೀವೆಲ್ಲಾ ಸೈಕಲ್ಲಿನವರ ಪರನೇ ಬರೀತೀರಿ. ನಾವು ತಿಂಗಳ ಫೀಸ್ ಕಟ್ಟಿ, ನಮ್ಮ ಕೋಚ್ ಓಡಾಡಿ ಲೈಟ್ ಹಾಕಿಸಿದ ರಿಂಕು. ಇವರು ಬಂದು ಕೆಡಿಸಿದ್ರೆ ನಾವೆಲ್ಲಿ ಹೋಗೋಣ?
(ಇನ್ನೊಬ್ಬ ತಾಯಿ, ಬಳ್ಳಾರಿ)

ಉತ್ತರ: ಅಮ್ಮಾ, ನಿಮ್ಮ ಮಾತು ನ್ಯಾಯವಾದದ್ದು. ಮೊದಲು ಕಟ್ಟಿ ಉಳಿಸಿಕೊಂಡು ಬಂದವರ ಟೈಮಿಗೆ ಯಾರೂ ಕೈ ಹಾಕಬಾರದು, ಅದನ್ನ ಸೈಕಲ್ಲಿನ ಮಕ್ಕಳ ಅರ್ಜಿಯಲ್ಲೇ ಬರೀಬೇಕು ಅಂತ ಹೇಳ್ತೀನಿ. ಲೈಟಿನ ಖರ್ಚಲ್ಲಿ ಅವರ ಗಂಟೆಯ ಪಾಲನ್ನ ಅವರು ಕೊಡಬೇಕು, ಗುಡಿಸೋದು ಅವರ ಕೆಲಸ, ಒಂದು ಗೀರು ಬಿದ್ರೂ ರಿಪೇರಿ ಅವರದು. ಆದ್ರೆ ನಿಮ್ಮ ಹತ್ರ ಒಂದು ಕೇಳ್ಕೊಳ್ಳೋದೈತೆ. ಎರಡು ತಿಂಗಳು ಪರೀಕ್ಷೆಗೆ ಅಂತ ಬಿಟ್ಟು ನೋಡಿ, ನೆಲದ ಫೋಟೋ ಮೊದಲ ದಿನ ಒಂದು, ಕೊನೇ ದಿನ ಒಂದು ತೆಗೆದು ಪಕ್ಕ ಪಕ್ಕ ಇಡಿ. ಕೆಟ್ಟಿದ್ರೆ ನಾನೇ ಇದೇ ಪುಟದಲ್ಲಿ ಬೇಡ ಅಂತ ಬರೀತೀನಿ. ಇದೇ ಸಂಚಿಕೆಯ ಮೊದಲ ಪತ್ರ ಬರೆದ ತಾಯಿನೂ ನಿಮ್ಮೂರಿನವರೇ, ಇಬ್ಬರೂ ಒಪ್ಪಿದ್ರೆ ನಂಬರ್ ಪತ್ರಿಕೆ ಆಫೀಸಿಂದ ಕೊಡ್ತೀವಿ, ಒಂದು ಸಂಜೆ ಕ್ಲಾಸ್ ಮುಗಿದ ಮೇಲೆ ಅವರ ಮಗನನ್ನ ಕರೆಸಿ ನಿಮ್ಮ ಮಗಳ ಮುಂದೆ ಒಂದು ರೌಂಡ್ ಹೊಡೆಸಿ ನೋಡಿ.